ಎರಕದೊಳಗಿನ ಗಾಳಿಗೆ ಮರಳಿನ ಲೆಕ್ಕ

(ಬೆಳಗಾವಿಯಲ್ಲಿ ಫೌಂಡ್ರಿ ಮೇಲ್ವಿಚಾರಕರು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವ ಆ ತುಂಡನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅದು ಬೀಡುಕಬ್ಬಿಣದ ಹೈಡ್ರಾಲಿಕ್ ವಾಲ್ವ್ ಬಾಡಿ, ನಡುವೆ ಕೊಯ್ದಿದೆ. ಎಣ್ಣೆ ಹರಿಯುವ ದಾರಿ ಕಾಣುತ್ತದಲ್ಲ, ಅದರ ನೆತ್ತಿಯ ಮೇಲೆ ಸುಮಾರು 6 ಮಿಲಿಮೀಟರಿನ ಒಂದು ತೂತಿದೆ. ಸಣ್ಣ ಕಡ್ಡಿ ಹಾಕಿ ಒಳಗೋಡೆಯನ್ನು ಸವರಿ. ನುಣ್ಣಗಿದೆ, ಹೊಳೆಯುತ್ತದೆ, ಮೂಲೆಗಳೇ ಇಲ್ಲ. ಲೋಹ ಕುಗ್ಗಿ ಆದ ತೂತಾಗಿದ್ದರೆ, ಅಂದರೆ ನಾವು ಶ್ರಿಂಕೇಜ್ ಅನ್ನುವುದಾಗಿದ್ದರೆ, ಕಡ್ಡಿ ಒಳಗೆ ಗರಗರ ಅನ್ನುತ್ತಿತ್ತು. ಭೂತಗನ್ನಡಿ ಹಿಡಿದರೆ ಒಳಗೆ ಲೋಹದ ಹರಳುಗಳು ಗಿಡದ ಕೊಂಬೆಗಳ ಹಾಗೆ ಚಾಚಿಕೊಂಡು ಕಾಣುತ್ತಿದ್ದವು. ಇಲ್ಲಿ ಅದೇನೂ ಇಲ್ಲ. ಲೋಹ ಇನ್ನೂ ನೀರಾಗಿದ್ದಾಗ ಅಲ್ಲೊಂದು ಗುಳ್ಳೆ ಬಂದು ಕೂತಿತು, ಮೇಲೇರಿ ಹೋಗುವ ಮೊದಲೇ ಸುತ್ತಲಿನ ಲೋಹ ಗಟ್ಟಿಯಾಯಿತು.

ಇಂಥ ತೂತು ಫೆಟ್ಲಿಂಗ್‌ನಲ್ಲಿ, ಅಂದರೆ ಎರಕದ ಮೇಲಿನ ಹೆಚ್ಚುವರಿ ಲೋಹ, ಮರಳು ತೆಗೆದು ಹಸನು ಮಾಡುವಾಗ, ಕಣ್ಣಿಗೆ ಬೀಳುವುದಿಲ್ಲ. ಶಾಟ್ ಬ್ಲಾಸ್ಟ್ ಆಗಿ, ಬಣ್ಣ ಬಳಿದು, ಮಷೀನ್ ಶಾಪಿಗೆ ಹೋಗಿ, ಬೋರಿಂಗ್ ಮುಗಿದು, ಕೊನೆಗೆ ಪ್ರೆಶರ್ ಟೆಸ್ಟ್‌ಗೆ ಕೂರಿಸಿದಾಗ ಎಣ್ಣೆ ಜಿನುಗುತ್ತದೆ. ಅಷ್ಟೊತ್ತಿಗೆ ಆ ಕಾಸ್ಟಿಂಗ್ ಮೇಲೆ ಕರೆಂಟು, ಕೂಲಿ, ಟೂಲು, ಸಾಗಾಟ ಎಲ್ಲವೂ ಖರ್ಚಾಗಿರುತ್ತದೆ. ವಾಪಸು ಬರುವುದು ಗುಜರಿ ಬೆಲೆ ಮಾತ್ರ.

ಆಮೇಲೆ ನಡೆಯುವ ಮೀಟಿಂಗ್ ನಿಮಗೆಲ್ಲ ಗೊತ್ತು. ಮೆಲ್ಟಿಂಗ್‌ನವರು ಕೋರ್ ಶಾಪ್ ಕಡೆ ಬೆರಳು ತೋರಿಸುತ್ತಾರೆ. ಕೋರ್ ಅಂದರೆ ಎರಕದೊಳಗೆ ಟೊಳ್ಳು ಜಾಗ ಬಿಡಲು ಅಚ್ಚಿನೊಳಗೆ ಇಡುವ ಮರಳಿನ ತಿರುಳು. ಕೋರ್ ಶಾಪಿನವರು ಪೋರಿಂಗ್ ಟೆಂಪರೇಚರ್ ಕಡಿಮೆಯಿತ್ತು ಅನ್ನುತ್ತಾರೆ. ಮೋಲ್ಡಿಂಗ್‌ನವರು ಸುಮ್ಮನೆ ಕೂತಿರುತ್ತಾರೆ. ಮರಳು ಖರೀದಿ ಮಾಡಿದವರು ಮಾತ್ರ ಆ ಮೀಟಿಂಗಿಗೆ ಬಂದಿರುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಅವರ ವಿಷಯವನ್ನೇ. ಟನ್ನಿಗೆ ಇಷ್ಟು ಅಂತ ದರ ನೋಡಿ ಮರಳು ತರಿಸಿದ ದಿನವೇ ಎರಡು ಸಂಗತಿ ತೀರ್ಮಾನವಾಗಿ ಹೋಗುತ್ತವೆ: ಅಚ್ಚಿನೊಳಗೆ ಎಷ್ಟು ಗ್ಯಾಸ್ ಹುಟ್ಟುತ್ತದೆ ಎಂಬುದು ಒಂದು, ಹುಟ್ಟಿದ ಗ್ಯಾಸಿಗೆ ಹೊರಗೆ ಹೋಗಲು ಎಷ್ಟು ದಾರಿ ಇದೆ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಸಮಸ್ಯೆ ಅಂದುಕೊಂಡು ಬೇರೆ ಬೇರೆ ಮದ್ದು ಹುಡುಕುತ್ತೇವೆ. ಎರಡರ ಬೇರೂ ಮರಳಿನ ಕಾಳಿನಲ್ಲೇ ಇದೆ.

ಮೊದಲು ಗ್ಯಾಸ್ ಎಷ್ಟು ಹುಟ್ಟುತ್ತದೆ ನೋಡೋಣ. ಹಸಿ ಮರಳಿನ ಅಚ್ಚಿನಲ್ಲಿ, ಅಂದರೆ ಗ್ರೀನ್ ಸ್ಯಾಂಡ್‌ನಲ್ಲಿ, ಮುಖ್ಯವಾಗಿ ನೀರು. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿಲೀಟರ್. ಅದು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 1700 ಮಿಲಿಲೀಟರ್ ಆಗುತ್ತದೆ. ಅದೇ ಆವಿ ಕಬ್ಬಿಣದ ಪಕ್ಕದಲ್ಲಿ 1200 ಡಿಗ್ರಿಗೆ ಕಾದರೆ ಆರೂವರೆ ಲೀಟರ್ ದಾಟುತ್ತದೆ. ಒಂದು ಕಿಲೋ ಮರಳಿನಲ್ಲಿ ನೂರಕ್ಕೆ 4 ಪಾಲು ನೀರಿದ್ದರೆ 40 ಗ್ರಾಂ. ನೂರಕ್ಕೆ 3 ಪಾಲಿದ್ದರೆ 30 ಗ್ರಾಂ. ನೂರಕ್ಕೆ ಒಂದು ಪಾಲು ತಾನೇ ಅನ್ನಿಸುತ್ತದೆ. ಆದರೆ ಆ 10 ಗ್ರಾಂ ನೀರು 100 ಡಿಗ್ರಿಯ ಆವಿಯಾಗಿಯೇ 17 ಲೀಟರ್. ಅಚ್ಚಿನ ಇಡೀ ಮರಳು ಒಮ್ಮೆಗೇ ಕಾಯುವುದಿಲ್ಲ ನಿಜ, ಲೋಹಕ್ಕೆ ತಾಗಿದ ಪದರ ಮೊದಲು ಕಾಯುತ್ತದೆ. ಆ ತೆಳು ಪದರವೊಂದೇ ಸಾಕು.

ಕೋರ್‌ನಲ್ಲಿ ನೀರಿನ ಬದಲು ರೆಸಿನ್, ಅಂದರೆ ಮರಳು ಹಿಡಿದಿಡುವ ರಾಸಾಯನಿಕ ಅಂಟು. ಕಾಯಿಸದೆ ಗಟ್ಟಿ ಮಾಡುವ ಕೋಲ್ಡ್ ಬಾಕ್ಸ್ ಕೋರ್ ಆದರೆ ಮರಳಿನ ತೂಕದ ನೂರಕ್ಕೆ ಒಂದು, ಒಂದೂವರೆ ಪಾಲು. ಬಿಸಿ ಬಾಕ್ಸಿನಲ್ಲಿ ಗಟ್ಟಿ ಮಾಡುವ ಶೆಲ್ ಕೋರ್ ಆದರೆ ಎರಡೂವರೆಯಿಂದ ನಾಲ್ಕರವರೆಗೂ ಹೋಗುತ್ತದೆ. ಕೋಲ್ಡ್ ಬಾಕ್ಸ್ ಮರಳಿನ ಒಂದು ಗ್ರಾಂ ಸುಟ್ಟರೆ ಒರಟು ಲೆಕ್ಕದಲ್ಲಿ 10 ಮಿಲಿಲೀಟರ್ ಗ್ಯಾಸ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಅರ್ಧ ಕಿಲೋ ತೂಕದ ಕೋರ್ ಅಂದರೆ 5 ಲೀಟರ್. ಸುತ್ತ ಲೋಹ ಆವರಿಸಿಕೊಂಡ ಕೋರ್‌ಗೆ ಈ 5 ಲೀಟರ್ ಹೊರಹಾಕಲು ಇರುವ ಬಾಗಿಲು ಕೋರ್ ಪ್ರಿಂಟ್, ಅಂದರೆ ಕೋರ್‌ನ ತುದಿ ಅಚ್ಚಿನಲ್ಲಿ ಕೂರುವ ಜಾಗ, ಒಂದೇ.

ಆ ಬಾಗಿಲಿನಿಂದ ಹೋಗಲಾಗದಿದ್ದರೆ ಗ್ಯಾಸಿನ ಒತ್ತಡ ಏರುತ್ತದೆ. ಎಲ್ಲಿಯವರೆಗೆ? ಕೋರ್ ಮೇಲಿರುವ ಲೋಹದ ಒತ್ತಡವನ್ನು ದಾಟುವವರೆಗೆ. ಕೋರ್ ನೆತ್ತಿಯ ಮೇಲೆ 15 ಸೆಂಟಿಮೀಟರ್ ಕಬ್ಬಿಣ ನಿಂತಿದೆ ಅಂದರೆ ಅಲ್ಲಿನ ಒತ್ತಡ ವಾತಾವರಣದ ಒತ್ತಡದ ಹತ್ತನೇ ಒಂದು ಪಾಲು ಮಾತ್ರ. ಅಷ್ಟನ್ನು ದಾಟಿದರೆ ಗ್ಯಾಸು ಕೋರ್ ಒಡಲಿಂದ ನೇರವಾಗಿ ಲೋಹಕ್ಕೆ ನುಗ್ಗುತ್ತದೆ. ಕೋರ್‌ನ ತಳದಲ್ಲಿ ಲೋಹದ ಒತ್ತಡ ಹೆಚ್ಚು, ನೆತ್ತಿಯಲ್ಲಿ ಕಡಿಮೆ. ಅದಕ್ಕೇ ತೂತು ಹೆಚ್ಚಾಗಿ ನೆತ್ತಿಯ ಮೇಲೇ ಸಿಗುವುದು. ನಿಮ್ಮ ಕೈಯಲ್ಲಿರುವ ತುಂಡಿನಲ್ಲೂ ಹಾಗೇ ಇದೆ.

ಅಲ್ಯೂಮಿನಿಯಂ ಎರಕ ಮಾಡುವವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ಲೋಹ ಹಗುರ. ಅದೇ 15 ಸೆಂಟಿಮೀಟರಿಗೆ ನಿಮಗೆ ಸಿಗುವ ಒತ್ತಡ ಕಬ್ಬಿಣದ ಮೂರನೇ ಒಂದು ಪಾಲು. ಕಬ್ಬಿಣದಲ್ಲಿ ಸುಮ್ಮನಿದ್ದ ಕೋರ್ ಅಲ್ಯೂಮಿನಿಯಂನಲ್ಲಿ ಗುಳ್ಳೆ ಬಿಡುವುದಕ್ಕೆ ಒಂದು ಕಾರಣ ಇದು. ಕಬ್ಬಿಣಕ್ಕೆ ಇಟ್ಟ ರೆಸಿನ್ ಪ್ರಮಾಣವನ್ನೇ ಅಲ್ಯೂಮಿನಿಯಂಗೂ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಯೂಮಿನಿಯಂನ ಕಾವಿಗೆ ರೆಸಿನ್ ಪೂರ್ತಿ ಸುಡುವುದೂ ಇಲ್ಲ, ಕೋರ್ ಮರಳು ಉದುರದೆ ಒಳಗೇ ಕಚ್ಚಿಕೊಳ್ಳುತ್ತದೆ. ಕಡಿಮೆ ರೆಸಿನ್‌ನಿಂದ ನಿಮಗೆ ಎರಡು ಲಾಭ.

ಈಗ ಕಾಳಿನ ಗಾತ್ರಕ್ಕೆ ಬರೋಣ. ಇದೊಂದು ಲೆಕ್ಕ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದು ಕಿಲೋ ಮರಳು ತೆಗೆದುಕೊಳ್ಳಿ. ಅದರ ಕಾಳಿನ ಅಡ್ಡಳತೆಯನ್ನು ಅರ್ಧ ಮಾಡಿ. ತೂಕ ಅಷ್ಟೇ ಇದೆ, ಆದರೆ ಕಾಳುಗಳ ಒಟ್ಟು ಮೈ ಎರಡರಷ್ಟಾಗುತ್ತದೆ. ರೆಸಿನ್ ಆಗಲಿ, ಹಸಿ ಮರಳಿನ ಅಂಟುಜೇಡಿಯಾದ ಬೆಂಟೋನೈಟ್ ಆಗಲಿ, ಕಾಳಿನ ಮೈಗೆ ಬಳಿದುಕೊಂಡು ಕಾಳನ್ನು ಕಾಳಿಗೆ ಅಂಟಿಸಬೇಕು. ಮೈ ಎರಡರಷ್ಟಾದರೆ ಅದೇ ಗಟ್ಟಿತನಕ್ಕೆ ಅಂಟು ಹೆಚ್ಚು ಬೇಕು. ಅಂಟು ಹೆಚ್ಚಾದರೆ ಗ್ಯಾಸು ಹೆಚ್ಚು. ಇದು ಒಂದು ಕಡೆ. ಇನ್ನೊಂದು ಕಡೆ, ಕಾಳುಗಳ ನಡುವಿನ ಸಂದು ಸಣ್ಣದಾಗುತ್ತದೆ. ಗಾಳಿ ಹರಿಯುವ ಸಾಮರ್ಥ್ಯ ಕಾಳಿನ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಡ್ಡಳತೆ ಅರ್ಧವಾದರೆ ದಾರಿ ಕಾಲುಭಾಗ. ಹುಟ್ಟುವ ಗ್ಯಾಸು ಮೇಲಕ್ಕೆ, ಹೋಗುವ ದಾರಿ ನಾಲ್ಕರಲ್ಲೊಂದು ಪಾಲಿಗೆ. ನುಣುಪಿನ ಆಸೆಗೆ ಸಣ್ಣ ಮರಳು ತರಿಸಿದಾಗ ಕೊಡಬೇಕಾದ ಬೆಲೆ ಇದು, ಬಿಲ್ಲಿನಲ್ಲಿ ಬರೆಯದ ಬೆಲೆ.

ಪರ್ಮಿಯಬಿಲಿಟಿ, ಅಂದರೆ ಮರಳಿನ ಮೂಲಕ ಗಾಳಿ ಹರಿಯುವ ಸಾಮರ್ಥ್ಯ, ಅಳೆಯುವ ಯಂತ್ರ ನಿಮ್ಮ ಸ್ಯಾಂಡ್ ಲ್ಯಾಬಿನಲ್ಲಿ ಇರುತ್ತದೆ. ವಿದ್ಯಾರ್ಥಿಗಳಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. 50.8 ಮಿಲಿಮೀಟರ್ ವ್ಯಾಸ, ಅಷ್ಟೇ ಎತ್ತರದ ಮರಳಿನ ಗಟ್ಟಿ ಸಿಲಿಂಡರ್ ಮಾಡುತ್ತಾರೆ, ರ‍್ಯಾಮರ್‌ನ ಮೂರು ಪೆಟ್ಟು ಹಾಕಿ. ಅದರ ಮೂಲಕ 2000 ಮಿಲಿಲೀಟರ್ ಗಾಳಿಯನ್ನು ಚದರ ಸೆಂಟಿಮೀಟರಿಗೆ 10 ಗ್ರಾಂ ಒತ್ತಡದಲ್ಲಿ ಬಿಡುತ್ತಾರೆ. ಎಷ್ಟು ಸೆಕೆಂಡಿನಲ್ಲಿ ಹಾದುಹೋಯಿತೋ ಆ ಸಂಖ್ಯೆಯಿಂದ 3007 ಅನ್ನು ಭಾಗಿಸಿದರೆ ಪರ್ಮಿಯಬಿಲಿಟಿ ನಂಬರ್. 30 ಸೆಕೆಂಡ್ ಹಿಡಿದರೆ ಸುಮಾರು 100, ಒಂದು ನಿಮಿಷ ಹಿಡಿದರೆ 50. ಇದನ್ನು ಹಸಿ ಮರಳಿಗೆ ದಿನವೂ ಅಳೆಯುತ್ತಾರೆ. ಕೋರ್ ಮರಳಿಗೆ ಯಾಕೆ ಅಳೆಯುವುದಿಲ್ಲ ಎಂದು ಕೇಳಿದರೆ ಹೆಚ್ಚಿನ ಕಡೆ ಉತ್ತರ ಇರುವುದಿಲ್ಲ. ಗ್ಯಾಸಿಗೆ ದಾರಿ ಕಡಿಮೆ ಇರುವುದು ಕೋರ್‌ನಲ್ಲೇ. ಅಲ್ಲಿ ಮೊದಲು ಅಳೆಯಬೇಕು.

ಖರೀದಿ ಆರ್ಡರಿನಲ್ಲಿ ನಾವು ಏನು ಬರೆಯುತ್ತೇವೆ? ‘ಸಿಲಿಕಾ ಸ್ಯಾಂಡ್, ಎಎಫ್‌ಎಸ್ 50-55’. ಮುಗಿಯಿತು. ಈ ಎಎಫ್‌ಎಸ್ ನಂಬರ್ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಮೋಸ ಹೋಗುವುದು ಇಲ್ಲೇ. ಅದು ಅಮೆರಿಕನ್ ಫೌಂಡ್ರಿ ಸೊಸೈಟಿಯ ಪದ್ಧತಿಯಲ್ಲಿ ಕಾಳಿನ ಸಣ್ಣತನ ಹೇಳುವ ಸಂಖ್ಯೆ, ಹೆಚ್ಚಾದಷ್ಟೂ ಕಾಳು ಸಣ್ಣ. ಆದರೆ ಅದು ಸರಾಸರಿ ಮಾತ್ರ. ಜರಡಿಗಳ ಸಾಲಿನಲ್ಲಿ ಮರಳು ಅಲ್ಲಾಡಿಸಿ, ಪ್ರತಿ ಜರಡಿಯಲ್ಲಿ ನಿಂತ ಶೇಕಡಾ ಪಾಲನ್ನು ಅದರದರ ಗುಣಕದಿಂದ ಗುಣಿಸಿ, ಕೂಡಿಸಿ, ನೂರರಿಂದ ಭಾಗಿಸುತ್ತೇವೆ. ಜರಡಿಯ ನಂಬರ್ ಹೆಚ್ಚಾದಷ್ಟೂ ಅದರ ಕಣ್ಣು ಸಣ್ಣದು. 40ರ ಜರಡಿಗೆ ಗುಣಕ 30, 50ಕ್ಕೆ 40, 70ಕ್ಕೆ 50, 100ಕ್ಕೆ 70, ಹೀಗೆ.

ಎರಡು ಮರಳು ತೆಗೆದುಕೊಳ್ಳೋಣ, ಲೆಕ್ಕಕ್ಕಾಗಿ. ಮೊದಲನೆಯದರಲ್ಲಿ 40ರ ಮೇಲೆ ನೂರಕ್ಕೆ 10, 50ರ ಮೇಲೆ 30, 70ರ ಮೇಲೆ 40, 100ರ ಮೇಲೆ 20 ನಿಂತಿದೆ. ಗುಣಿಸಿ ಕೂಡಿಸಿ: 300, 1200, 2000, 1400. ಒಟ್ಟು 4900. ಎಎಫ್‌ಎಸ್ 49. ಎರಡನೆಯದರಲ್ಲಿ 30ರ ಜರಡಿಯ ಮೇಲೇ 25, 40ರ ಮೇಲೆ 27, 50ರ ಮೇಲೆ 20, 70ರ ಮೇಲೆ 10, 100ರ ಮೇಲೆ 5, 140ರ ಮೇಲೆ 5, 200ರ ಮೇಲೆ 4, 270ರ ಮೇಲೆ 3, ತಟ್ಟೆಯಲ್ಲಿ 1. ಇದನ್ನು ಮನೆಗೆ ಹೋಗಿ ನೀವೇ ಗುಣಿಸಿ ನೋಡಿ, 49.2 ಬರುತ್ತದೆ. ಪೇಪರಿನ ಮೇಲೆ ಎರಡೂ ಒಂದೇ ಮರಳು. ಡಬ್ಬಿ ತುಂಬ ಕಡಲೆಕಾಳು ಇದ್ದರೂ ಸಂದಿನಲ್ಲಿ ಗಾಳಿಯಾಡುತ್ತದೆ, ಅದರ ಮೇಲೆ ಸಾಸಿವೆ ಸುರಿದು ಕುಲುಕಿದರೆ ಸಂದೇ ಉಳಿಯುವುದಿಲ್ಲ. ಎರಡನೆಯ ಮರಳಿನಲ್ಲಿ ನಡೆಯುವುದು ಅದೇ. ದಪ್ಪ ಕಾಳಿನ ಸಂದಿಗೆ ಸಣ್ಣ ಕಾಳು, ಸಣ್ಣದರ ಸಂದಿಗೆ ಪುಡಿ. ಗ್ಯಾಸಿಗೆ ದಾರಿ ಮುಚ್ಚಿತು. ಮೇಲಾಗಿ 200ರ ಜರಡಿಯಲ್ಲೂ ಅದರ ಕೆಳಗೂ ಕೂತ ನೂರಕ್ಕೆ 8 ಪಾಲು ಪುಡಿ ಇದೆಯಲ್ಲ, ಅದು ಅಷ್ಟೇ ತೂಕದ ದಪ್ಪ ಕಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ರೆಸಿನ್ ಕುಡಿಯುತ್ತದೆ, ಗಟ್ಟಿತನ ಮಾತ್ರ ಏನೂ ಕೊಡುವುದಿಲ್ಲ. ಆದ್ದರಿಂದ ಸಪ್ಲೈಯರ್ ಹತ್ತಿರ ಎಎಫ್‌ಎಸ್ ನಂಬರಿನ ಜೊತೆ ಪೂರ್ತಿ ಜರಡಿ ವರದಿ ಕೇಳಿ. ಪಕ್ಕಪಕ್ಕದ ಮೂರು ನಾಲ್ಕು ಜರಡಿಗಳಲ್ಲಿ ಬಹುಪಾಲು ಮರಳು ನಿಂತಿರಬೇಕು, ತಟ್ಟೆ ಹೆಚ್ಚುಕಡಿಮೆ ಖಾಲಿ ಇರಬೇಕು.

ಹಾಗಾದರೆ ಒಂದೇ ಜರಡಿಯ, ಎಲ್ಲ ಕಾಳೂ ಒಂದೇ ಗಾತ್ರದ ಮರಳು ಇನ್ನೂ ಒಳ್ಳೆಯದಲ್ಲವೇ? ಗಾಳಿಯ ಮಟ್ಟಿಗೆ ಹೌದು. ಆದರೆ ಸಿಲಿಕಾಕ್ಕೆ ಒಂದು ಸ್ವಭಾವ ಇದೆ. 573 ಡಿಗ್ರಿಯಲ್ಲಿ ಅದರ ಹರಳಿನ ರಚನೆ ಬದಲಾಗಿ ಕಾಳು ಥಟ್ಟನೆ ಹಿಗ್ಗುತ್ತದೆ. ಎಲ್ಲ ಕಾಳೂ ಒಂದೇ ಅಳತೆಯದ್ದಾದರೆ ಹಿಗ್ಗುವುದೂ ಎಲ್ಲ ಒಟ್ಟಿಗೇ. ಅಚ್ಚಿನ ಮೈ ಬಿರಿದು ಎರಕದ ಮೇಲೆ ಹಕ್ಕಳೆಯಂಥ ಸ್ಕ್ಯಾಬ್ ಬರುತ್ತದೆ, ಕೋರ್ ಬಿರುಕಿನಲ್ಲಿ ಲೋಹ ಹೊಕ್ಕು ನರದಂಥ ಗೆರೆ ಎದ್ದು ವೇನಿಂಗ್ ಆಗುತ್ತದೆ. ಮೂರು ನಾಲ್ಕು ಜರಡಿಯ ಹರವು ಅನ್ನುವುದು ಈ ಎರಡರ ನಡುವಿನ ಒಪ್ಪಂದ.

ಆ ವಾಲ್ವ್ ಬಾಡಿಯ ಕತೆ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಎಲ್ಲವೂ ಸಾಲಾಗಿ ಬಂದಿದೆ. ಫೌಂಡ್ರಿಯ ಹೆಸರು ಬೇಡ. ಎಣ್ಣೆಯ ದಾರಿ ಇನ್ನೂ ನುಣ್ಣಗೆ ಬೇಕು ಅಂತ ಗಿರಾಕಿ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ, ಒರಟು ದಾರಿಯಲ್ಲಿ ಮರಳಿನ ಕಾಳು ಕಚ್ಚಿಕೊಂಡು ಉಳಿದರೆ ಅದು ಆಮೇಲೆ ಎಣ್ಣೆಯ ಜೊತೆ ಹೊರಟು ವಾಲ್ವ್ ಒಳಗೆ ಜಾರುವ ಸ್ಪೂಲ್ ಕೆಡಿಸುತ್ತದೆ. ಫೌಂಡ್ರಿಯವರು ಎಎಫ್‌ಎಸ್ 50ರ ಆಸುಪಾಸಿನ ಮರಳು ಬಿಟ್ಟು 80ರ ಹತ್ತಿರದ ಸಣ್ಣ ಮರಳು ತರಿಸಿದರು. ದಾರಿ ಚೆನ್ನಾಗೇ ಬಂತು. ಸ್ವಲ್ಪ ದಿನಕ್ಕೆ ಪ್ರೆಶರ್ ಟೆಸ್ಟ್‌ನಲ್ಲಿ ಲೀಕ್ ಶುರುವಾಯಿತು.

ನಾನು ಹೋದಾಗ ಎಲ್ಲರೂ ಕುಲುಮೆಯ ಬಳಿ ನಿಂತಿದ್ದರು. ನಾನು ಕೋರ್ ಶಾಪಿಗೆ ಹೋದೆ. ಮಿಕ್ಸರ್ ನಡೆಸುವವರನ್ನು ಕೇಳಿದೆ, ರೆಸಿನ್ ಎಷ್ಟು ಹಾಕುತ್ತೀರಿ ಅಂತ. “ಮೊದ್ಲ ಕಡಿಮಿ ಇತ್ತರಿ ಸರ್. ಈ ಹೊಸಾ ಉಸುಕು ಬಂದ ಮ್ಯಾಲೆ ಕೋರ್ ಮುರೀಲಿಕ್ಕತ್ತುವು, ಅದಕ್ಕ ಒಂದೀಟು ಜಾಸ್ತಿ ಮಾಡೀವ್ರಿ” ಅಂದರು. ಒಂದೀಟು ಅಂದರೆ, ನೂರಕ್ಕೆ ಒಂದೂಕಾಲು ಇದ್ದದ್ದು ಎರಡರ ಹತ್ತಿರ ಹೋಗಿತ್ತು. ಅವರು ತಮ್ಮ ಕೆಲಸವನ್ನು ಸರಿಯಾಗೇ ಮಾಡಿದ್ದರು. ಕೋರ್ ಮುರಿಯುತ್ತಿತ್ತು, ಮುರಿಯದ ಹಾಗೆ ಮಾಡಿದರು. ಆ ಬದಲಾವಣೆಯನ್ನು ಮೇಲಿನವರಿಗೆ ಹೇಳುವ ಒಂದು ಪದ್ಧತಿ ಅಲ್ಲಿರಲಿಲ್ಲ, ಅಷ್ಟೇ.

ಆಮೇಲೆ ಅಚ್ಚಿಗೆ ಕೋರ್ ಇಡುವ ಜಾಗಕ್ಕೆ ಹೋಗಿ ನಿಂತೆವು. ಕೋರ್ ಪ್ರಿಂಟ್‌ನಲ್ಲಿ ಗ್ಯಾಸ್ ಹೋಗಲು ವೆಂಟ್ ತೂತು ಕೊಟ್ಟಿದ್ದರು. ಕೋರ್ ಅಲ್ಲಾಡಬಾರದು ಅಂತ ಹುಡುಗ ಪ್ರಿಂಟ್‌ಗೆ ಗಮ್ ಹಚ್ಚಿ ಕೂರಿಸುತ್ತಿದ್ದ. ಗಮ್ ಒತ್ತಿಕೊಂಡು ವೆಂಟ್ ಬಾಯಿಗೇ ಮೆತ್ತಿಕೊಳ್ಳುತ್ತಿತ್ತು. ಮೊದಲ ದಿನ ಅದನ್ನೊಂದನ್ನೇ ಸರಿ ಮಾಡಿಸಿದೆವು. ಗಮ್ ವೆಂಟ್‌ನಿಂದ ದೂರ, ಪ್ರಿಂಟ್‌ನ ಅಂಚಿಗೆ ಮಾತ್ರ. ತೂತು ಕಡಿಮೆಯಾಯಿತು, ನಿಲ್ಲಲಿಲ್ಲ. ನಿಂತದ್ದು ಮರಳು ಬದಲಾಯಿಸಿದ ಮೇಲೆ. ಮತ್ತೆ 55ರ ಆಸುಪಾಸಿಗೆ, ಒಳ್ಳೆಯ ಹರವಿನ, ಕಾಳು ದುಂಡಗಿರುವ ಮರಳಿಗೆ ಬಂದೆವು. ದುಂಡು ಕಾಳಿಗೆ ಮೂಲೆಮುಡುಕು ಇರುವುದಿಲ್ಲ, ಕಡಿಮೆ ರೆಸಿನ್ ಸಾಕು. ರೆಸಿನ್ ಮತ್ತೆ ಒಂದೂಕಾಲಿಗೆ ಇಳಿಯಿತು. ಗಿರಾಕಿಗೆ ಬೇಕಾದ ನುಣುಪು ಕೋರ್‌ಗೆ ಹಚ್ಚುವ ಕೋಟಿಂಗ್‌ನಿಂದ ಬಂತು.

ಕೋಟಿಂಗ್ ಬಗ್ಗೆ ಒಂದು ಮಾತು ಸೇರಿಸಬೇಕು. ಅದು ಕೋರ್‌ನ ಮೈ ಮುಚ್ಚಿ, ಗ್ಯಾಸು ಲೋಹದ ಕಡೆ ಬರದಂತೆ ತಡೆದು ಪ್ರಿಂಟ್ ಕಡೆ ಕಳಿಸುತ್ತದೆ. ಪ್ರಿಂಟ್‌ನಲ್ಲಿ ದಾರಿ ಇದ್ದರೆ ಇದು ವರ. ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಕಟ್ಟಿ ಒಮ್ಮೆಗೇ ಒಡೆಯುತ್ತದೆ. ನೀರಿನ ಕೋಟಿಂಗ್ ಹಚ್ಚಿ ಸರಿಯಾಗಿ ಒಣಗಿಸದೆ ಇಟ್ಟರಂತೂ ನಾವೇ ಕೈಯಾರೆ ಗ್ಯಾಸ್ ತುಂಬಿದ ಹಾಗೆ. ಪ್ರಿಂಟ್‌ನ ಮುಖಕ್ಕೆ ಕೋಟಿಂಗ್ ಹಚ್ಚಬಾರದು, ಅದನ್ನು ಬರಿದಾಗಿಯೇ ಬಿಡಬೇಕು. ಎಷ್ಟೋ ಕಡೆ ಕೋರನ್ನು ಪೂರ್ತಿ ಅದ್ದಿ ತೆಗೆಯುತ್ತಾರೆ.

ಮೈಗೆ ಸಣ್ಣದು, ಬೆನ್ನಿಗೆ ದಪ್ಪ ಎನ್ನುವ ಈ ಜಾಣತನ ನಮ್ಮಲ್ಲಿ ಹಳೆಯದು. ಮೇಣದ ಮಾದರಿ ಮಾಡಿ ಪಂಚಲೋಹದ ವಿಗ್ರಹ ಎರೆಯುವವರು ಮೊದಲ ಪದರಕ್ಕೆ ಅತಿ ನಯವಾದ ಜೇಡಿಮಣ್ಣು ಬಳಿಯುತ್ತಾರೆ, ಮೂಗು ಕಣ್ಣು ಆಭರಣ ಎಲ್ಲ ಅದರಲ್ಲಿ ಅಚ್ಚಾಗಬೇಕು. ಅದರ ಮೇಲಿನ ಪದರಗಳಿಗೆ ಮರಳು ಸೇರಿಸಿದ ಒರಟು ಮಣ್ಣು. ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಬೆರೆಸುವ ರೂಢಿಯೂ ಇದೆ. ಅಚ್ಚು ಸುಟ್ಟಾಗ ಹೊಟ್ಟು ಉರಿದು ಹೋಗಿ ಅದರ ಜಾಗ ಖಾಲಿ ಉಳಿಯುತ್ತದೆ, ಲೋಹ ಹೊಯ್ದಾಗ ಗಾಳಿ ಅಲ್ಲಿಂದ ಹೋಗುತ್ತದೆ. ನಾಗಮಂಗಲದ ಕಡೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಊರಿಗೆ ಹೋದಾಗ ಅಲ್ಲಿನ ಲೋಹಶಿಲ್ಪಿಗಳ ಅಚ್ಚಿನ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಲೋಹಕ್ಕೆ ತಾಗುವ ನಮ್ಮ ಫೇಸಿಂಗ್ ಸ್ಯಾಂಡ್, ಅದರ ಹಿಂದೆ ತುಂಬುವ ಬ್ಯಾಕಿಂಗ್ ಸ್ಯಾಂಡ್ ಕೂಡ ಇದೇ ತತ್ವದ ಮೇಲೆ ನಿಂತಿವೆ.

ಈಗ ಮಳೆಗಾಲಕ್ಕೆ ಬರುತ್ತೇನೆ. ಬೆಳಗಾವಿಯ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಘಟ್ಟದಾಚೆ ಸಿಂಧುದುರ್ಗ ಜಿಲ್ಲೆಯ ಕಾಸಾರ್ಡೆ ಭಾಗದ ಸಿಲಿಕಾ ಮರಳು ಲಾರಿಯಲ್ಲಿ ಘಟ್ಟ ಹತ್ತಿ ಬರಬೇಕು. ಜೂನ್ ಜುಲೈನಲ್ಲಿ ತಾಡಪತ್ರಿ ಹೊದಿಸಿದ್ದರೂ ಒದ್ದೆಯಾಗಿಯೇ ಬಂದಿರುತ್ತದೆ. ಕೋಲ್ಡ್ ಬಾಕ್ಸ್ ರೆಸಿನ್‌ಗೆ ನೀರು ಶತ್ರು. ಮರಳಿನಲ್ಲಿ ನೂರಕ್ಕೆ 0.2 ದಾಟಿ ತೇವ ಇದ್ದರೆ ರೆಸಿನ್‌ನ ಎರಡನೇ ಭಾಗ, ಅಂದರೆ ಐಸೋಸಯನೇಟ್, ಮರಳು ಅಂಟಿಸುವ ಬದಲು ನೀರಿನ ಜೊತೆ ಸೇರಿಕೊಳ್ಳುತ್ತದೆ. ಕೋರ್ ಬಡವಾಗುತ್ತದೆ, ಮುರಿಯುತ್ತದೆ, ಮತ್ತೆ ಮಿಕ್ಸರ್ ಬಳಿ ‘ಒಂದೀಟು ಜಾಸ್ತಿ’. ಮಳೆಗಾಲದ ಬ್ಲೋ ಹೋಲ್‌ಗಳಲ್ಲಿ, ಅಂದರೆ ಇಂಥ ಗ್ಯಾಸಿನ ತೂತುಗಳಲ್ಲಿ, ಎಷ್ಟೋ ಈ ದಾರಿಯಲ್ಲೇ ಬರುತ್ತವೆ. ಮರಳಿಗೆ ಡ್ರೈಯರ್ ಇಟ್ಟುಕೊಳ್ಳುವುದು ದುಬಾರಿ ಅನ್ನಿಸಿದರೆ ಎರಡು ತಿಂಗಳ ರಿಜೆಕ್ಷನ್ ರಿಜಿಸ್ಟರ್ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ.

ಒಣಗಿಸಿದ ಮರಳನ್ನು ಬಿಸಿಯಾಗಿದ್ದಾಗಲೇ ಮಿಕ್ಸರ್‌ಗೆ ಹಾಕಬೇಡಿ. ಹಸಿ ಮರಳಿನಲ್ಲೂ ಬಿಸಿ ದೊಡ್ಡ ಪಿಡುಗು. ನಾಕ್ ಔಟ್‌ನಿಂದ, ಅಂದರೆ ಅಚ್ಚು ಒಡೆದು ಎರಕ ತೆಗೆಯುವಲ್ಲಿಂದ, ವಾಪಸು ಬಂದ ಮರಳು 50 ಡಿಗ್ರಿಗಿಂತ ಬಿಸಿ ಇದ್ದರೆ ಅದರಿಂದ ಏಳುವ ಆವಿ ಅಚ್ಚಿನೊಳಗೆ ಎಲ್ಲಿ ತಂಪಿದೆಯೋ ಅಲ್ಲಿ ನೀರಾಗಿ ಕೂರುತ್ತದೆ. ತಂಪಿರುವುದು ಕೋರ್, ಲೋಹವನ್ನು ಬೇಗ ತಣಿಸಲು ಇಡುವ ಚಿಲ್, ಕೋರ್‌ಗೆ ಆಸರೆ ಕೊಡುವ ಲೋಹದ ಚಾಪ್ಲೆಟ್. ಮೋಲ್ಡಿಂಗ್ ಆದ ಮೇಲೆ ಬಾಕ್ಸ್ ಮುಚ್ಚಿ ಊಟಕ್ಕೆ ಹೋಗಿ ಬಂದು ಹೊಯ್ದರೆ ಚಿಲ್ ಇದ್ದ ಜಾಗದಲ್ಲೇ ಗುಳ್ಳೆ ಬಂದಿರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಮಾಯಿಶ್ಚರ್ ಸರಿಯಾಗೇ ಇರುತ್ತದೆ.

ಸಮುದ್ರದ ಮರಳಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಕಾಳು ದುಂಡಗೆ ಚೆನ್ನಾಗಿರುತ್ತದೆ. ಆದರೆ ಚಿಪ್ಪಿನ ಚೂರು ಸೇರಿರಬಹುದು. ಚಿಪ್ಪು ಅಂದರೆ ಸುಣ್ಣದಕಲ್ಲಿನ ವಸ್ತು, ಕ್ಯಾಲ್ಸಿಯಂ ಕಾರ್ಬನೇಟ್. ಲೋಹದ ಕಾವಿಗೆ ಅದು ಒಡೆದು, ಒಂದು ಗ್ರಾಂ ಚಿಪ್ಪಿನಿಂದ 220 ಮಿಲಿಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಫ್ಯೂರಾನ್ ರೆಸಿನ್ ನಡೆಸುವವರಿಗೆ ಇನ್ನೂ ತೊಂದರೆ, ಗಟ್ಟಿಯಾಗಲು ಹಾಕಿದ ಆಸಿಡನ್ನು ಚಿಪ್ಪೇ ತಿಂದುಬಿಡುತ್ತದೆ. ಮರಳು ಬಂದ ಕೂಡಲೇ ಒಂದು ಚಮಚದಷ್ಟನ್ನು ಗಾಜಿನ ಲೋಟದಲ್ಲಿ ಹಾಕಿ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು ನೋಡಿ. ನೊರೆಗುಳ್ಳೆ ಎದ್ದರೆ ಲಾರಿ ಇಳಿಸುವ ಮೊದಲೇ ಫೋನ್ ಮಾಡಿ. ಸರಿಯಾದ ಲೆಕ್ಕಕ್ಕೆ ಆಸಿಡ್ ಡಿಮ್ಯಾಂಡ್ ಪರೀಕ್ಷೆ ಇದೆ, ಆದರೆ ಗೇಟಿನಲ್ಲಿ ಇಷ್ಟು ಸಾಕು.

ಎಲ್ಲ ತೂತಿಗೂ ಮರಳನ್ನೇ ದೂರಬಾರದು, ಅದನ್ನೂ ಹೇಳಬೇಕು. ತೂತಿನೊಳಗೆ ಗಾಜಿನಂಥ ಸ್ಲ್ಯಾಗ್, ಅಂದರೆ ಲೋಹದ ಕಿಟ್ಟ, ಅಂಟಿಕೊಂಡಿದ್ದರೆ ಕುಲುಮೆ ಮತ್ತು ಲೋಹ ಹೊಯ್ಯುವ ಲ್ಯಾಡಲ್ ಕಡೆ ನೋಡಿ. ಮ್ಯಾಂಗನೀಸ್, ಗಂಧಕ ಹೆಚ್ಚಿದ್ದು ತಣ್ಣಗಾದ ಲೋಹ ಹೊಯ್ದಾಗ ಸ್ಲ್ಯಾಗ್ ಮತ್ತು ಇಂಗಾಲ ಸೇರಿ ಗ್ಯಾಸ್ ಹುಟ್ಟುತ್ತದೆ. ಅಲ್ಯೂಮಿನಿಯಂನಲ್ಲಿ ದಪ್ಪ ಭಾಗದ ತುಂಬ ಸಣ್ಣ ಚುಕ್ಕಿಗಳು ಹರಡಿದ್ದರೆ ಅದು ಕರಗಿದ ಲೋಹದಲ್ಲೇ ಇದ್ದ ಹೈಡ್ರೋಜನ್. ದ್ರವ ಅಲ್ಯೂಮಿನಿಯಂ ಗಟ್ಟಿಯಾಗುವ ಹೊತ್ತಿಗೆ 100 ಗ್ರಾಂಗೆ ಸುಮಾರು 0.69 ಮಿಲಿಲೀಟರ್ ಹೈಡ್ರೋಜನ್ ಹಿಡಿದಿಟ್ಟುಕೊಳ್ಳಬಲ್ಲದು, ಗಟ್ಟಿಯಾದ ಮೇಲೆ 0.036 ಮಾತ್ರ. ಉಳಿದದ್ದಕ್ಕೆ ಜಾಗವಿಲ್ಲ. ಅದಕ್ಕೆ ಮದ್ದು ಡೀಗ್ಯಾಸಿಂಗ್, ಅಂದರೆ ಹೊಯ್ಯುವ ಮೊದಲೇ ಲೋಹದಿಂದ ಗ್ಯಾಸ್ ತೆಗೆಯುವುದು.

ಕಬ್ಬಿಣದಲ್ಲಿ ಚರ್ಮದ ಕೆಳಗೇ ಒಂದೆರಡು ಮಿಲಿಮೀಟರಿನ ಪಿನ್ ಹೋಲ್ ಬಂದರೆ ಅದು ಎರಡು ಕಡೆಯವರೂ ಸೇರಿ ಮಾಡಿದ ಕೆಲಸ. ಗುಜರಿಯಿಂದ ಕಬ್ಬಿಣಕ್ಕೆ ಒಂದಿಷ್ಟು ಅಲ್ಯೂಮಿನಿಯಂ ಬಂದಿರುತ್ತದೆ. ಅದು ಅಚ್ಚಿನ ನೀರಾವಿಯಿಂದ ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ನನ್ನು ಲೋಹಕ್ಕೆ ಬಿಡುತ್ತದೆ. ಚಾರ್ಜ್‌ನಲ್ಲಿ ಅಲ್ಯೂಮಿನಿಯಂ ತಡೆಯಿರಿ, ಮರಳಿನಲ್ಲಿ ನೀರು ತಡೆಯಿರಿ. ಒಂದನ್ನೇ ಮಾಡಿದರೆ ಅರ್ಧ ಕೆಲಸ.

ನೈಟ್ರೋಜನ್‌ನ ತೂತು ಬೇರೆ ಥರ. ಅದು ದುಂಡಗಿರುವುದಿಲ್ಲ, ಬಿರುಕಿನ ಹಾಗೆ ಉದ್ದಕ್ಕಿರುತ್ತದೆ, ಮೈಗೆ ಅಡ್ಡಲಾಗಿ ಒಳಕ್ಕೆ ಇಳಿದಿರುತ್ತದೆ. ಬೀಡುಕಬ್ಬಿಣದಲ್ಲಿ ನೈಟ್ರೋಜನ್ ಹತ್ತು ಲಕ್ಷಕ್ಕೆ 100 ಪಾಲಿನ ಹತ್ತಿರ ಹೋದಾಗ ಭಯ. ಸ್ಟೀಲ್ ಗುಜರಿ, ಇಂಗಾಲ ಸೇರಿಸಲು ಹಾಕುವ ಕಾರ್ಬುರೈಸರ್‌ನಿಂದಲೂ ಬರುತ್ತದೆ, ಮರಳಿನಿಂದಲೂ ಬರುತ್ತದೆ. ರಿಕ್ಲೇಮ್ ಮಾಡಿದ, ಅಂದರೆ ಬಳಸಿದ್ದನ್ನೇ ಹಸನು ಮಾಡಿದ, ಮರಳು ಬಳಸುವವರು ಇಲ್ಲಿ ಕಿವಿಗೊಡಬೇಕು. ಯಂತ್ರದಲ್ಲಿ ತಿಕ್ಕಿ ರಿಕ್ಲೇಮ್ ಮಾಡಿದಾಗ ಕಾಳಿನ ಮೇಲಿನ ಹಳೆ ರೆಸಿನ್ ಪೂರ್ತಿ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಪದರ ಉಳಿಯುತ್ತದೆ, ಅದರ ಜೊತೆ ನೈಟ್ರೋಜನ್ ಕೂಡ. ಎಲ್‌ಓಐ, ಅಂದರೆ ಮರಳನ್ನು ಸುಟ್ಟಾಗ ಕಳೆದುಹೋಗುವ ತೂಕದ ಪಾಲು, ನೋಡಿ. ಹೊಸ ಮರಳಿನಲ್ಲಿ ಅದು ನೂರಕ್ಕೆ ಅರ್ಧಕ್ಕಿಂತ ಕಡಿಮೆ. ರಿಕ್ಲೇಮ್ ಮರಳಿನಲ್ಲಿ 3 ಬಂತು ಅಂದರೆ ನೀವು ಹೊಸ ರೆಸಿನ್ ಒಂದು ಹನಿ ಹಾಕುವ ಮೊದಲೇ ಆ ಮರಳಿನಲ್ಲಿ ಗ್ಯಾಸ್ ತುಂಬಿದೆ. ರಿಕ್ಲೇಮ್ ಬೇಡ ಅನ್ನುತ್ತಿಲ್ಲ. ಮರಳು ಗಣಿ ಮಾಡುವ ಜಾಗಗಳ ಸ್ಥಿತಿ ನೋಡಿದವರು ಯಾರೂ ಹಾಗೆ ಹೇಳಲಾರರು. ಎಲ್‌ಓಐ ಅಳೆಯಿರಿ, ಹೊಸ ಮರಳಿನ ಪಾಲನ್ನು ಅದಕ್ಕೆ ತಕ್ಕಂತೆ ಇಡಿ, ಸಾಧ್ಯವಿದ್ದವರು ಸುಟ್ಟು ರಿಕ್ಲೇಮ್ ಮಾಡಿ. ಕೋರ್ ಮರಳಿಗೆ ನೂರಕ್ಕೆ ಒಂದೆರಡು ಪಾಲು ಕಬ್ಬಿಣದ ರೆಡ್ ಆಕ್ಸೈಡ್ ಬೆರೆಸಿದರೆ ನೈಟ್ರೋಜನ್‌ನ ತೂತು ಕಡಿಮೆಯಾಗುತ್ತದೆ, ಆದರೆ ಅದೂ ಪುಡಿಯೇ, ರೆಸಿನ್ ಕುಡಿಯುತ್ತದೆ ಎಂಬುದು ನೆನಪಿರಲಿ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ಎಂ-ಸ್ಯಾಂಡ್ ಯಾಕೆ ಬಳಸಬಾರದು, ಊರೂರಲ್ಲಿ ಸಿಗುತ್ತದಲ್ಲ ಅಂತ. ಎಂ-ಸ್ಯಾಂಡ್ ಗ್ರಾನೈಟ್ ಮೊದಲಾದ ಕಲ್ಲು ಪುಡಿ ಮಾಡಿದ್ದು. ಅದರಲ್ಲಿ ಸಿಲಿಕಾ ಜೊತೆ ಫೆಲ್ಡ್‌ಸ್ಪಾರ್, ಅಭ್ರಕ ಇರುತ್ತವೆ, ಕಬ್ಬಿಣದ ಕಾವಿಗೆ ಮೆತ್ತಗಾಗಿ ಕಾಸ್ಟಿಂಗ್ ಮೈಗೆ ಅಂಟಿಕೊಳ್ಳುತ್ತವೆ. ಕಾಳು ಚೂಪು, ಪುಡಿ ಬಹಳ. ಕಟ್ಟಡಕ್ಕೆ ಒಳ್ಳೆಯದು, ನಮಗಲ್ಲ.

ಇನ್ನೊಂದು ಪ್ರಶ್ನೆ, ಇದು ಒಳ್ಳೆಯ ಪ್ರಶ್ನೆ. ಲೋಹ ಕೋರ್‌ಗೆ ಹೊಕ್ಕು ಕಚ್ಚಿಕೊಳ್ಳುತ್ತದೆ ಅಂತ ಒಂದು ಕೋರ್‌ಗೆ ಸಿಲಿಕಾ ಬಿಟ್ಟು ಕ್ರೋಮೈಟ್ ಮರಳು ಹಾಕಿದರಂತೆ. ಕಚ್ಚುವುದು ನಿಂತಿತು, ಬ್ಲೋ ಹೋಲ್ ಶುರುವಾಯಿತು. ಕ್ರೋಮೈಟ್ ಇಷ್ಟು ದುಬಾರಿ, ಹಿಗ್ಗುವುದೂ ಕಡಿಮೆ, ಹೀಗೇಕೆ ಅಂತ ಕೇಳಿದ್ದಾರೆ. ರೆಸಿನ್ ಎಷ್ಟು ಹಾಕಿದಿರಿ ಅಂತ ಈಗಷ್ಟೇ ಕೇಳಿದೆ. ‘ಮೊದಲಿನಷ್ಟೇ, ನೂರಕ್ಕೆ 1.2’ ಅಂದರು. ಅಲ್ಲೇ ಇದೆ ಉತ್ತರ. ಸಿಲಿಕಾದ ಸಾಂದ್ರತೆ 2.65. ಕ್ರೋಮೈಟ್‌ನದು ನಾಲ್ಕೂವರೆಯ ಆಸುಪಾಸು, ಇನ್ನೊಂದು ಭಾರದ ಮರಳಾದ ಜಿರ್ಕಾನ್‌ನದು 4.6. ನಾವು ರೆಸಿನ್ ತೂಗುವುದು ಮರಳಿನ ತೂಕದ ಮೇಲೆ. ಕೋರ್ ಬಾಕ್ಸ್ ತುಂಬುವುದು ಗಾತ್ರದಲ್ಲಿ. ಅದೇ ಬಾಕ್ಸಿನಲ್ಲಿ ಕ್ರೋಮೈಟ್ ತುಂಬಿದರೆ ತೂಕ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು, ಹಾಗಾಗಿ ರೆಸಿನ್ ಕೂಡ ಒಂದೂಮುಕ್ಕಾಲು ಪಟ್ಟು ಒಳಗೆ ಹೋಯಿತು. ಕೋರ್‌ನ ಗಾತ್ರ ಅಷ್ಟೇ, ವೆಂಟ್ ಅಷ್ಟೇ, ಗ್ಯಾಸು ಮಾತ್ರ ಅಷ್ಟು ಹೆಚ್ಚು. ಸಿಲಿಕಾಕ್ಕೆ 1.2 ಹಾಕುತ್ತಿದ್ದರೆ ಕ್ರೋಮೈಟ್‌ಗೆ 0.7ರಿಂದ ಶುರು ಮಾಡಿ. ಪರೀಕ್ಷೆಯ ತುಂಡು ಮಾಡಿ ಮುರಿದು ಗಟ್ಟಿತನ ನೋಡಿ, ಸಾಲದಿದ್ದರೆ 0.05ರಂತೆ ಏರಿಸುತ್ತಾ ಹೋಗಿ. ಹೊಸ ಪ್ರಮಾಣವನ್ನು ಮಿಕ್ಸರ್ ಪಕ್ಕದ ಗೋಡೆಯ ಮೇಲೆ, ಮರಳಿನ ಹೆಸರಿನ ಎದುರಿಗೇ ಬರೆದಿಡಿ.